ದಪ್ಪಗಿದ್ದರೂ ಶುಗರ್ ನಾರ್ಮಲ್ ಇದ್ದರೆ ಫ್ಯಾಟಿ ಲಿವರ್ ಬಗ್ಗೆ ಚಿಂತೆ ಬೇಡವೇ?

ಮೊಬೈಲಿಗೆ ಬರುವ ಆರೋಗ್ಯ ಸಂದೇಶಗಳಲ್ಲಿ ಫ್ಯಾಟಿ ಲಿವರ್ ಬಗ್ಗೆ ಮೂರು ಮಾತುಗಳು ಮತ್ತೆ ಮತ್ತೆ ತಿರುಗಾಡುತ್ತಿರುತ್ತವೆ. ಒಂದು, ‘ಕುಡಿಯದವರಿಗೆ ಲಿವರ್ ಕಾಯಿಲೆ ಬರುವುದಿಲ್ಲ’. ಎರಡು, ‘ಗ್ರೇಡ್ 1 ಫ್ಯಾಟಿ ಲಿವರ್ ಈಗ ಎಲ್ಲರಿಗೂ ಇದೆ, ಶುಗರ್ ನಾರ್ಮಲ್ ಇದ್ದರೆ ದಪ್ಪಗಿದ್ದರೂ ಏನೂ ಆಗುವುದಿಲ್ಲ’. ಮೂರು, ‘ಈ ಕಷಾಯ ಏಳು ದಿನ ಕುಡಿಯಿರಿ, ಲಿವರ್ ಪೂರ್ತಿ ಕ್ಲೀನ್’.

ಮೊದಲನೆಯದು ತಪ್ಪು. ಎರಡನೆಯದರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅದು ಹೆಚ್ಚು ಅಪಾಯಕಾರಿ. ಮೂರನೆಯದರಿಂದ ದುಡ್ಡು ಹೋಗುತ್ತದೆ, ಕೆಲವೊಮ್ಮೆ ಇರುವ ಲಿವರೂ ಕೆಡುತ್ತದೆ. ಒಂದೊಂದನ್ನೇ ನೋಡೋಣ.

ಚುಟುಕಾಗಿ ಉತ್ತರ

• ಬೊಜ್ಜು ಇರುವ ಇಬ್ಬರಲ್ಲಿ ಯಾರಿಗೆ ಶುಗರ್, ಕೊಲೆಸ್ಟ್ರಾಲ್, ಬಿಪಿ ತೊಂದರೆ ಬರಬಹುದು ಎಂಬುದಕ್ಕೆ ಲಿವರ್‌ನಲ್ಲಿರುವ ಕೊಬ್ಬು ಒಂದು ದೊಡ್ಡ ಸುಳಿವು.
• ಶುಗರ್ ಇವತ್ತು ನಾರ್ಮಲ್ ಇದೆ ಎಂದರೆ ಮುಂದೆಯೂ ಹಾಗೇ ಇರುತ್ತದೆ ಎಂದು ಅರ್ಥವಲ್ಲ.
• ತೆಳ್ಳಗಿರುವ ಭಾರತೀಯರಿಗೂ ಫ್ಯಾಟಿ ಲಿವರ್ ಬರುತ್ತದೆ.
• ಆರಂಭದ ಹಂತದಲ್ಲಿ ಇದು ವಾಪಸ್ ಸರಿಹೋಗುವ ಕಾಯಿಲೆ. ಅದಕ್ಕೆ ಕಷಾಯ ಬೇಡ, ತೂಕ ಮತ್ತು ಸೊಂಟದ ಅಳತೆ ಇಳಿಯಬೇಕು.

ಸಿರುಗುಪ್ಪದಿಂದ ಬಂದ ಒಂದು ರಿಪೋರ್ಟ್

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೊಟ್ಟೆನೋವು ಎಂದು ಸಿರುಗುಪ್ಪದಿಂದ ಬಳ್ಳಾರಿಗೆ ಬಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡ 48 ವರ್ಷದ ಹೆಣ್ಣುಮಗಳು. ತೂಕ 76 ಕೆಜಿ. ಪಿತ್ತಕೋಶದಲ್ಲಿ ಕಲ್ಲಿಲ್ಲ, ಕಿಡ್ನಿ ಸರಿಯಾಗಿದೆ. ರಿಪೋರ್ಟಿನ ಕೊನೆಯ ಸಾಲಿನಲ್ಲಿ ಮಾತ್ರ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದಿದೆ. ಬೆಳಗಿನ ಶುಗರ್ 98, ಅಂದರೆ ನಾರ್ಮಲ್.

ಇಂಥ ರಿಪೋರ್ಟ್ ಮನೆಗೆ ಬಂದಾಗ ಸಾಮಾನ್ಯವಾಗಿ ಎರಡರಲ್ಲಿ ಒಂದಾಗುತ್ತದೆ. ‘ಲಿವರ್ ಅಂದರೆ ಕುಡಿಯೋರಿಗೆ ಬರೋದು, ಇವಳಿಗೆ ಹೇಗೆ ಬಂತು?’ ಎಂದು ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಇಲ್ಲವೇ, ‘ಗ್ರೇಡ್ ಒಂದೇ ತಾನೆ, ಬಿಡು’ ಎಂದು ಆ ಹಾಳೆ ಬೀರು ಸೇರುತ್ತದೆ. ಮೊದಲನೆಯದು ಒಂದು ತಪ್ಪೂ ಮಾಡದವರ ತಲೆ ತಗ್ಗಿಸುತ್ತದೆ. ಎರಡನೆಯದು ಸುಲಭವಾಗಿ ಸರಿಹೋಗಬಹುದಾಗಿದ್ದ ಕಾಲವನ್ನು ಕಳೆದುಬಿಡುತ್ತದೆ.

ಫ್ಯಾಟಿ ಲಿವರ್ ಎಂದರೇನು?

ಲಿವರ್‌ನಲ್ಲಿ ಸ್ವಲ್ಪ ಕೊಬ್ಬು ಇರುವುದು ಸಹಜ. ಅದು 5 ಶೇಕಡಾ ದಾಟಿದರೆ ಫ್ಯಾಟಿ ಲಿವರ್ ಎನ್ನುತ್ತಾರೆ. ಹೆಚ್ಚಿನವರಿಗೆ ಯಾವ ನೋವೂ ಇರುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಸಿಕ್ಕಿಬೀಳುತ್ತದೆ.

ಮದ್ಯದಿಂದಲೂ ಲಿವರ್‌ಗೆ ಕೊಬ್ಬು ಸೇರುತ್ತದೆ, ನಿಜ. ಆದರೆ ಇಂದು ಜಗತ್ತಿನ ಹೆಚ್ಚಿನ ಫ್ಯಾಟಿ ಲಿವರ್‌ಗೆ ಕಾರಣ ಬೊಜ್ಜು, ಶುಗರ್ ಮತ್ತು ಅವುಗಳ ಬೆನ್ನಿಗೆ ಬರುವ ಮೆಟಬಾಲಿಕ್ ತೊಂದರೆಗಳು. ಮೆಟಬಾಲಿಸಂ ಎಂದರೆ ತಿಂದದ್ದನ್ನು ದೇಹ ಶಕ್ತಿಯಾಗಿ ಬಳಸುವ, ಉಳಿದದ್ದನ್ನು ಕೂಡಿಡುವ ಒಟ್ಟು ವ್ಯವಸ್ಥೆ. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು, ಕುಡಿಯದವರ ಲಿವರ್‌ನಲ್ಲೂ ಕುಡುಕರ ಲಿವರ್‌ನಂಥದೇ ಹಾನಿ ಕಂಡು ಅದಕ್ಕೆ ‘ನಾನ್ ಆಲ್ಕೊಹಾಲಿಕ್’ ಎಂಬ ಹೆಸರು ಕೊಟ್ಟರು. ಆ ಹೆಸರಿನಲ್ಲೂ ಮದ್ಯದ ನೆರಳು ಹೋಗಲಿಲ್ಲ. ಅದಕ್ಕಾಗಿ 2023ರಲ್ಲಿ ಅಂತರರಾಷ್ಟ್ರೀಯ ತಜ್ಞ ಸಂಘಟನೆಗಳು ಹೆಸರನ್ನೇ ಬದಲಿಸಿದವು. ಈಗಿನ ಹೆಸರು ಎಂಎಎಸ್‌ಎಲ್‌ಡಿ, ಅಂದರೆ ಮೆಟಬಾಲಿಕ್ ಏರುಪೇರಿನಿಂದ ಬರುವ ಕೊಬ್ಬಿನ ಲಿವರ್ ಕಾಯಿಲೆ. ರೋಗಿಯ ಮೇಲೆ ಕಳಂಕ ಬರಬಾರದು ಎಂಬುದೂ ಈ ಬದಲಾವಣೆಯ ಒಂದು ಉದ್ದೇಶವಾಗಿತ್ತು. ಆದ್ದರಿಂದ ಸಿರುಗುಪ್ಪದ ಆ ಹೆಣ್ಣುಮಗಳು ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಕೊಬ್ಬು ಲಿವರ್‌ಗೆ ಬರುವುದು ಎಲ್ಲಿಂದ?

‘ಎಣ್ಣೆ ಬಿಟ್ಟರೆ ಸಾಕು’ ಎಂದು ಹಲವರು ನಂಬಿದ್ದಾರೆ. 2005ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ತಂಡವೊಂದು ಫ್ಯಾಟಿ ಲಿವರ್ ಇದ್ದ 9 ಮಂದಿಯಲ್ಲಿ ಇದನ್ನು ಅಳೆದು ನೋಡಿತು. ಚಿಕ್ಕ ಅಧ್ಯಯನ, ಆದರೆ ಬಹಳ ನಾಜೂಕಾಗಿ ಮಾಡಿದ್ದು. ಲಿವರ್‌ನಲ್ಲಿದ್ದ ಕೊಬ್ಬಿನಲ್ಲಿ ಸುಮಾರು 59 ಶೇಕಡಾ ರಕ್ತದಲ್ಲಿ ಹರಿದಾಡುವ ಕೊಬ್ಬಿನಿಂದ ಬಂದದ್ದು. ಇದರ ಮುಖ್ಯ ಮೂಲ ದೇಹದಲ್ಲಿ ಮೊದಲೇ ಕೂಡಿಟ್ಟ ಕೊಬ್ಬು. 26 ಶೇಕಡಾ ಕೊಬ್ಬನ್ನು ಸಕ್ಕರೆ, ಪಿಷ್ಟದಂಥವುಗಳಿಂದ ಲಿವರ್ ತಾನೇ ತಯಾರಿಸಿತ್ತು. ಊಟದ ಎಣ್ಣೆ, ತುಪ್ಪದಿಂದ ನೇರವಾಗಿ ಬಂದದ್ದು 15 ಶೇಕಡಾ ಮಾತ್ರ.

ಇದನ್ನು ಸಿರುಗುಪ್ಪದ ಭಾಷೆಯಲ್ಲೇ ಹೇಳಬಹುದು. ಸುಗ್ಗಿಯಲ್ಲಿ ಭತ್ತದ ಚೀಲಗಳಿಗೆ ಗೋದಾಮು ಇರುತ್ತದೆ. ಗೋದಾಮಿನಲ್ಲಿ ಜಾಗ ಇರುವತನಕ ಮನೆಗೆ ತೊಂದರೆ ಇಲ್ಲ. ಗೋದಾಮು ತುಂಬಿದ ಮೇಲೂ ಗಾಡಿ ಬರುತ್ತಲೇ ಇದ್ದರೆ ಚೀಲಗಳು ಪಡಸಾಲೆಗೆ ಬರುತ್ತವೆ, ಆಮೇಲೆ ಅಡುಗೆಮನೆಗೂ ಬರುತ್ತವೆ. ಆಗ ಒಲೆ ಹಚ್ಚುವುದೂ ಕಷ್ಟ. ನಮ್ಮ ದೇಹದಲ್ಲಿ ಚರ್ಮದ ಕೆಳಗಿನ ಕೊಬ್ಬು ಆ ಗೋದಾಮು. ತೊಡೆ, ನಿತಂಬದ ಕೊಬ್ಬು ಅಷ್ಟಾಗಿ ಕಾಡುವುದಿಲ್ಲ. ಅಲ್ಲಿ ಜಾಗ ಮುಗಿದಾಗ ಕೊಬ್ಬು ಹೊಟ್ಟೆಯ ಒಳಗೆ, ಲಿವರ್‌ಗೆ, ಸ್ನಾಯುಗಳಿಗೆ, ಮೇದೋಜೀರಕ ಗ್ರಂಥಿಗೆ ಸೇರತೊಡಗುತ್ತದೆ. ಲಿವರ್ ನಮ್ಮ ಅಡುಗೆಮನೆ. ಅಲ್ಲಿ ಚೀಲ ಬಿದ್ದರೆ ಇಡೀ ಮನೆಯ ಕೆಲಸ ಏರುಪೇರಾಗುತ್ತದೆ.

ಹಾಗಾದರೆ ಎಲ್ಲ ಬೊಜ್ಜೂ ಒಂದೇ ಅಲ್ಲವೇ?

ಅಲ್ಲ. ಎರಡನೇ ಸಂದೇಶದಲ್ಲಿರುವ ಅರ್ಧ ಸತ್ಯ ಇದೇ. ಒಂದೇ ತೂಕದ ಇಬ್ಬರಲ್ಲಿ ಒಬ್ಬರಿಗೆ ಶುಗರ್, ಬಿಪಿ, ಟ್ರೈಗ್ಲಿಸರೈಡ್ ಎಲ್ಲ ಸರಿಯಿರಬಹುದು, ಇನ್ನೊಬ್ಬರಿಗೆ ಎಲ್ಲವೂ ಕೆಟ್ಟಿರಬಹುದು.

2008ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನ ಸಂಶೋಧಕರು ಇದಕ್ಕೆ ಕಾರಣ ಹುಡುಕಿದರು. ಬೊಜ್ಜು ಇದ್ದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತಿದ್ದವರ ಲಿವರ್‌ನಲ್ಲಿ ಸರಾಸರಿ 4.3 ಶೇಕಡಾ ಕೊಬ್ಬು ಇತ್ತು. ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದವರಲ್ಲಿ 9.5 ಶೇಕಡಾ ಇತ್ತು. 2009ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೊಟ್ಟೆಯೊಳಗಿನ ಕೊಬ್ಬು ಸಮನಾಗಿದ್ದು ಲಿವರ್ ಕೊಬ್ಬು ಬೇರೆ ಬೇರೆ ಇದ್ದವರನ್ನು ಹೋಲಿಸಿದಾಗ, ಲಿವರ್ ಕೊಬ್ಬು ಹೆಚ್ಚಿದ್ದವರಲ್ಲೇ ಇನ್ಸುಲಿನ್ ಸೋತಿತ್ತು. ಲಿವರ್ ಕೊಬ್ಬು ಸಮನಾಗಿದ್ದು ಹೊಟ್ಟೆಯೊಳಗಿನ ಕೊಬ್ಬು ಮಾತ್ರ ಬೇರೆ ಇದ್ದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಅಂದರೆ ತೂಕದ ಯಂತ್ರ ಹೇಳದ ಒಂದು ವಿಷಯವನ್ನು ಲಿವರ್ ಹೇಳುತ್ತದೆ. ಇದಕ್ಕೆ ಅಪವಾದಗಳೂ ಇವೆ. ಕೆಲವರಿಗೆ ವಂಶವಾಹಿಯ ಕಾರಣದಿಂದ ಲಿವರ್‌ಗೆ ಕೊಬ್ಬು ಸೇರುತ್ತದೆ, ಅವರ ಶುಗರ್ ಅಷ್ಟಾಗಿ ಕೆಡುವುದಿಲ್ಲ. ಆದರೆ ಹೆಚ್ಚಿನವರಲ್ಲಿ ಬೊಜ್ಜಿನ ಜೊತೆ ಫ್ಯಾಟಿ ಲಿವರ್ ಸೇರಿದರೆ ಮೆಟಬಾಲಿಕ್ ಆರೋಗ್ಯ ಜಾರುತ್ತಿದೆ ಎಂದೇ ತಿಳಿಯಬೇಕು.

ಶುಗರ್ 98 ಇದೆಯಲ್ಲ, ಮತ್ತೇಕೆ ಭಯ?

ರಾತ್ರಿ ನಾವು ಮಲಗಿರುವಾಗ ರಕ್ತಕ್ಕೆ ಸಕ್ಕರೆ ಒದಗಿಸುವ ಕೆಲಸ ಮುಖ್ಯವಾಗಿ ಲಿವರ್‌ನದು. ‘ಸಾಕು, ನಿಲ್ಲಿಸು’ ಎಂದು ಅದಕ್ಕೆ ಹೇಳುವುದು ಇನ್ಸುಲಿನ್. ಕೊಬ್ಬು ತುಂಬಿದ ಲಿವರ್ ಈ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಹೇಗೋ ಶುಗರ್ ಹತೋಟಿಗೆ ತರುತ್ತದೆ. ರಿಪೋರ್ಟಿನಲ್ಲಿ 98 ಎಂದೇ ಬರುತ್ತದೆ. ಆದರೆ ಅದೇ 98ಕ್ಕೆ ದೇಹ ಎರಡು ಪಾಳಿ ಕೆಲಸ ಮಾಡಿರಬಹುದು.

ಹೆಚ್ಚಾದ ಇನ್ಸುಲಿನ್ ಲಿವರ್‌ಗೆ ಇನ್ನಷ್ಟು ಕೊಬ್ಬು ತಯಾರಿಸಲು ಹೇಳುತ್ತದೆ. ಆ ಕೊಬ್ಬನ್ನು ಲಿವರ್ ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ. ಒಂದರಿಂದ ಇನ್ನೊಂದು ಬೆಳೆಯುವ ಸುತ್ತು ಇದು. ವರ್ಷಗಳ ನಂತರ ಗ್ರಂಥಿ ದಣಿದಾಗ ಶುಗರ್ ಏರುತ್ತದೆ.

‘ದಪ್ಪಗಿದ್ದರೂ ಆರೋಗ್ಯವಂತ’ ಎಂಬ ಸ್ಥಿತಿ ಎಷ್ಟು ಕಾಲ ಉಳಿಯುತ್ತದೆ? ಅಮೆರಿಕದಲ್ಲಿ ಸಾವಿರಾರು ಜನರನ್ನು ಹಲವು ವರ್ಷ ಹಿಂಬಾಲಿಸಿದ ಮೆಸಾ ಎಂಬ ಅಧ್ಯಯನದ ವಿಶ್ಲೇಷಣೆ 2018ರಲ್ಲಿ ಬಂತು. ಬೊಜ್ಜಿದ್ದೂ ಆರೋಗ್ಯವಾಗಿದ್ದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸುಮಾರು 12 ವರ್ಷಗಳ ಅವಧಿಯಲ್ಲಿ ಮೆಟಬಾಲಿಕ್ ಸಿಂಡ್ರೋಮ್ ಬಂದಿತ್ತು. ಇವತ್ತಿನ ನಾರ್ಮಲ್ ರಿಪೋರ್ಟ್ ಇವತ್ತಿಗೆ ಮಾತ್ರ.

ಕುರುಗೋಡಿನ ತೆಳ್ಳಗಿನ ಅಣ್ಣ

ಅದೇ ಉದಾಹರಣೆಯಲ್ಲಿ ಆ ಹೆಣ್ಣುಮಗಳಿಗೆ ಕುರುಗೋಡಿನಲ್ಲಿ ಒಬ್ಬ ಅಣ್ಣ ಇದ್ದಾನೆ ಎಂದುಕೊಳ್ಳಿ. ವಯಸ್ಸು 58. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಶುಗರ್ ಬಂದು ಹತ್ತು ವರ್ಷ. ‘ನಾನೇನು ದಪ್ಪ ಇಲ್ಲವಲ್ಲ’ ಎಂದು ಅವನು ಲಿವರ್ ಕಡೆ ನೋಡಿಯೇ ಇಲ್ಲ.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯೂಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಕ್ಕಪಕ್ಕ ನಿಂತ ತಮ್ಮದೇ ಫೋಟೊ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ ಒಂದೇ, 22.3. ದೇಹದ ಕೊಬ್ಬು ಮಾತ್ರ ಯೂಡ್ಕಿನ್ ಅವರಿಗೆ 9.1 ಶೇಕಡಾ, ಯಾಜ್ಞಿಕ್ ಅವರಿಗೆ 21.2 ಶೇಕಡಾ. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚಿರುವ ಭಾರತೀಯ ಮೈಕಟ್ಟಿಗೆ ಇದಕ್ಕಿಂತ ಸರಳ ಉದಾಹರಣೆ ಇಲ್ಲ. ಗೋದಾಮಿನ ಮಾತಿನಲ್ಲಿ ಹೇಳುವುದಾದರೆ, ನಮ್ಮಲ್ಲಿ ಹಲವರ ಗೋದಾಮೇ ಚಿಕ್ಕದು. ಬೇಗ ತುಂಬುತ್ತದೆ.

2010ರಲ್ಲಿ ಪ್ರಕಟವಾದ ಪಶ್ಚಿಮ ಬಂಗಾಳದ ಹಳ್ಳಿಗಳ ಅಧ್ಯಯನದಲ್ಲಿ 8.7 ಶೇಕಡಾ ಜನರಿಗೆ ಫ್ಯಾಟಿ ಲಿವರ್ ಇತ್ತು. ಅವರಲ್ಲಿ ಮುಕ್ಕಾಲು ಪಾಲು ಜನರ ಬಿಎಂಐ 25ಕ್ಕಿಂತ ಕಡಿಮೆ ಇತ್ತು. ಇದೇ ಕಾರಣಕ್ಕೆ ನಮ್ಮ ದೇಶದಲ್ಲಿ ಅಳತೆಗೋಲೂ ಬೇರೆ. ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು.

ಬಳ್ಳಾರಿಯ ತಟ್ಟೆಯಲ್ಲಿ ಏನಾಗಿದೆ?

ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಏಮ್ಸ್ ತಜ್ಞರು ಕೊಟ್ಟ ಅಂದಾಜಿನ ಪ್ರಕಾರ ವಯಸ್ಕರಲ್ಲಿ ಸುಮಾರು 38 ಶೇಕಡಾ, ಮಕ್ಕಳಲ್ಲಿ ಸುಮಾರು 35 ಶೇಕಡಾ ಜನರಿಗೆ ಫ್ಯಾಟಿ ಲಿವರ್ ಇದೆ. ಕರ್ನಾಟಕದಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಸುಮಾರು 23 ಶೇಕಡಾ ಮಹಿಳೆಯರ ತೂಕ ಹೆಚ್ಚಿತ್ತು. ಐದನೇ ಸುತ್ತಿನಲ್ಲಿ ಅದು ಸುಮಾರು 30 ಶೇಕಡಾಕ್ಕೆ ಏರಿತು. ಈ ಸಮೀಕ್ಷೆ ಬಿಎಂಐ 25ರಿಂದ ಲೆಕ್ಕ ಹಾಕುತ್ತದೆ. ನಮ್ಮ ಮೈಕಟ್ಟಿನ 23ರ ಗೆರೆ ಎಳೆದರೆ ಸಂಖ್ಯೆ ಇನ್ನೂ ಮೇಲಿರುತ್ತದೆ.

ಬಳ್ಳಾರಿ ಸೀಮೆ ಒಂದು ಕಾಲಕ್ಕೆ ಬರಗಾಲದ ನಾಡು, ಜೋಳದ ನಾಡು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಆಗಿ ಕಾಲುವೆಗೆ ನೀರು ಬಂದ ಮೇಲೆ ಸಿರುಗುಪ್ಪ, ಕುರುಗೋಡು ಭಾಗದ ಹೊಲಗಳು ಗದ್ದೆಗಳಾದವು. ಹೊಟ್ಟೆಗೆ ಹಿಟ್ಟಿಲ್ಲದ ದಿನ ಕಂಡವರಿಗೆ ಸೋನಾ ಮಸೂರಿ ಅನ್ನ ಸಣ್ಣ ಸಂಗತಿಯಲ್ಲ. ನೀರು ಬಂದದ್ದು ವರವೇ. ಆದರೆ ಅದೇ ಹೊತ್ತಿಗೆ ಟ್ರ್ಯಾಕ್ಟರ್, ನಾಟಿ ಯಂತ್ರ, ಬೈಕು ಬಂದವು. ಮೈ ಬಗ್ಗಿಸುವ ಕೆಲಸ ಕಡಿಮೆಯಾಯಿತು, ತಟ್ಟೆಯಲ್ಲಿ ಅನ್ನ ಹೆಚ್ಚಾಯಿತು. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಯುವವರು ಇಡೀ ದಿನ ಮಷೀನಿನ ಮುಂದೆ ಕೂತಿರುತ್ತಾರೆ. ಮಧ್ಯೆ ಸಕ್ಕರೆ ಚಹಾ, ಬೆಳಿಗ್ಗೆ ಒಗ್ಗರಣೆ-ಮಿರ್ಚಿ, ಬಿಸಿಲಿಗೆ ತಂಪು ಪಾನೀಯ.

‘ಹಾಗಾದರೆ ಜೋಳದ ರೊಟ್ಟಿಗೆ ಮರಳಿದರೆ ಸಾಕು’ ಎಂಬ ಸಂದೇಶವೂ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಒಳಗೆ. ಜೋಳ ಒಳ್ಳೆಯದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕ್ಯಾಲೊರಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಎರಡು ರೊಟ್ಟಿ ತಿಂದು ಅದರ ಮೇಲೆ ಮೊದಲಿನಷ್ಟೇ ಅನ್ನ ಉಂಡರೆ ಲಿವರ್‌ಗೆ ಲಾಭವಿಲ್ಲ. ರೊಟ್ಟಿ ಅನ್ನದ ಜಾಗಕ್ಕೆ ಬರಬೇಕು, ಅದರ ಜೊತೆಗಲ್ಲ. ಪಕ್ಕದಲ್ಲಿ ಕಾಳಿನ ಪಲ್ಯ, ಸೊಪ್ಪು, ಹಸಿ ತರಕಾರಿ ಇರಬೇಕು.

ರಿಪೋರ್ಟನ್ನು ಓದುವುದು ಹೇಗೆ?

ಸ್ಕ್ಯಾನಿಂಗ್‌ನಲ್ಲಿ ಬರೆಯುವ ಗ್ರೇಡ್ 1, 2, 3 ಕೊಬ್ಬು ಎಷ್ಟಿದೆ ಎಂಬ ಅಂದಾಜು ಮಾತ್ರ. ಲಿವರ್ ಗಟ್ಟಿಯಾಗಿ ಗಾಯದ ಕಲೆ ಕಟ್ಟಿದೆಯೇ ಎಂಬುದನ್ನು ಗ್ರೇಡ್ ಹೇಳುವುದಿಲ್ಲ. ಆ ಕಲೆಗೆ ಫೈಬ್ರೋಸಿಸ್ ಎನ್ನುತ್ತಾರೆ. ಮುಂದೆ ಲಿವರ್ ಕೆಡುತ್ತದೆಯೇ ಎಂಬುದು ಹೆಚ್ಚಾಗಿ ಇದರ ಮೇಲೆ ನಿಂತಿದೆ. ಎಸ್‌ಜಿಪಿಟಿ ನಾರ್ಮಲ್ ಬಂದರೂ ಕೆಲವರಲ್ಲಿ ಫೈಬ್ರೋಸಿಸ್ ಇರಬಹುದು.

ಇದನ್ನು ಮೊದಲ ಹಂತದಲ್ಲಿ ಜರಡಿ ಹಿಡಿಯಲು ಫಿಬ್-4 ಎಂಬ ಲೆಕ್ಕ ಇದೆ. ಸಾಮಾನ್ಯ ರಕ್ತ ಪರೀಕ್ಷೆಯ ಸಂಖ್ಯೆಗಳೇ ಸಾಕು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು (ಸಾವಿರಗಳಲ್ಲಿ) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ನಮ್ಮ ಉದಾಹರಣೆಯ ತಂಗಿ: ವಯಸ್ಸು 48, ಎಸ್‌ಜಿಒಟಿ 45, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.2 ಲಕ್ಷ, ಅಂದರೆ 220 ಸಾವಿರ. 48 × 45 = 2160. 64ರ ವರ್ಗಮೂಲ 8, ಆದ್ದರಿಂದ 220 × 8 = 1760. ಭಾಗಿಸಿದರೆ ಸುಮಾರು 1.23.

ಅಣ್ಣ: ವಯಸ್ಸು 58, ಎಸ್‌ಜಿಒಟಿ, ಎಸ್‌ಜಿಪಿಟಿ ತಂಗಿಯಷ್ಟೇ, ಪ್ಲೇಟ್‌ಲೆಟ್ 1.5 ಲಕ್ಷ. 58 × 45 = 2610. 150 × 8 = 1200. ಉತ್ತರ ಸುಮಾರು 2.18.

1.3ಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ. 2.67 ದಾಟಿದರೆ ಲಿವರ್ ತಜ್ಞರನ್ನು ಕಾಣಲೇಬೇಕು. ಮಧ್ಯೆ ಇದ್ದರೆ ಫೈಬ್ರೋಸ್ಕ್ಯಾನ್‌ನಂಥ ಮುಂದಿನ ಪರೀಕ್ಷೆ ಬೇಕು. 65 ದಾಟಿದವರಿಗೆ ಕೆಳಗಿನ ಗೆರೆ 1.3ರ ಬದಲು 2.0. ಅಂದರೆ ಮನೆಯವರೆಲ್ಲ ದಪ್ಪಗಿರುವ ತಂಗಿಯ ಬಗ್ಗೆ ಮಾತಾಡುತ್ತಿದ್ದರೆ, ಮೊದಲು ವೈದ್ಯರ ಬಳಿ ಹೋಗಬೇಕಾದವನು ತೆಳ್ಳಗಿರುವ ಅಣ್ಣ. ತಂಗಿಗೆ ಇನ್ನೂ ಸಮಯ ಇದೆ, ಆದರೆ ಸುಮ್ಮನೆ ಕೂರುವಷ್ಟಿಲ್ಲ.

ಈ ಲೆಕ್ಕ ಕಾಯಿಲೆ ತೀರ್ಮಾನಿಸುವುದಿಲ್ಲ. ಜ್ವರ, ಡೆಂಗಿ ಬಂದಾಗ ಪ್ಲೇಟ್‌ಲೆಟ್ ಇಳಿದಿರುತ್ತದೆ, ಆಗಿನ ರಿಪೋರ್ಟ್ ಹಿಡಿದು ಲೆಕ್ಕ ಹಾಕಬೇಡಿ. ಹೆಪಟೈಟಿಸ್ ಬಿ ಮತ್ತು ಸಿ ಇಲ್ಲ ಎಂಬುದನ್ನೂ ವೈದ್ಯರು ಒಮ್ಮೆ ಖಚಿತ ಮಾಡಿಕೊಳ್ಳುತ್ತಾರೆ.

ಎಲ್ಲರಿಗೂ ಸಿರೋಸಿಸ್ ಆಗುತ್ತದೆಯೇ?

ಇಲ್ಲ. ಹೆಚ್ಚಿನವರ ಲಿವರ್ ಆ ಹಂತಕ್ಕೆ ಹೋಗುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯ ಪ್ರಕಾರ, ಬರೀ ಕೊಬ್ಬು ಇರುವವರಲ್ಲಿ ಫೈಬ್ರೋಸಿಸ್ ಒಂದು ಹಂತ ಮೇಲೇರಲು ಸರಾಸರಿ 14 ವರ್ಷ ಬೇಕು. ಕೊಬ್ಬಿನ ಜೊತೆ ಉರಿಯೂತವೂ ಇದ್ದರೆ 7 ವರ್ಷ.

ಆದರೆ ಫ್ಯಾಟಿ ಲಿವರ್ ಇರುವವರ ಸಾವಿಗೆ ಮೊದಲ ಕಾರಣ ಲಿವರ್ ಅಲ್ಲ, ಹೃದಯ ಮತ್ತು ರಕ್ತನಾಳದ ಕಾಯಿಲೆ. ಈ ಒಂದು ಮಾತು ನೆನಪಿಟ್ಟುಕೊಂಡರೆ ಸಾಕು, ‘ಗ್ರೇಡ್ ಒಂದೇ ತಾನೆ’ ಎಂಬ ಮಾತು ಬಾಯಿಗೆ ಬರುವುದಿಲ್ಲ. ಲಿವರ್ ರಿಪೋರ್ಟ್ ಬಂದ ದಿನ ಬಿಪಿ, ಎಚ್‌ಬಿಎ1ಸಿ, ಕೊಲೆಸ್ಟ್ರಾಲ್ ಮೂರನ್ನೂ ನೋಡಿಸಬೇಕು. ಬಿಪಿ 130/85, ಬೆಳಗಿನ ಶುಗರ್ 100, ಎಚ್‌ಬಿಎ1ಸಿ 5.7, ಟ್ರೈಗ್ಲಿಸರೈಡ್ 150 ಇವು ಎಚ್ಚರಿಕೆಯ ಗೆರೆಗಳು. ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಮೇಲಿರಬೇಕು.

ಸರಿಹೋಗಲು ಏನು ಮಾಡಬೇಕು?

ಇಲ್ಲಿ ಒಳ್ಳೆಯ ಸುದ್ದಿ ಇದೆ. ತೂಕ 3ರಿಂದ 5 ಶೇಕಡಾ ಇಳಿದರೆ ಲಿವರ್ ಕೊಬ್ಬು ಕರಗತೊಡಗುತ್ತದೆ. 7ರಿಂದ 10 ಶೇಕಡಾ ಇಳಿದರೆ ಉರಿಯೂತವೂ ತಗ್ಗುತ್ತದೆ. 10 ಶೇಕಡಾ ದಾಟಿದರೆ ಹಲವರಲ್ಲಿ ಫೈಬ್ರೋಸಿಸ್ ಕೂಡ ಸುಧಾರಿಸುತ್ತದೆ. 76 ಕೆಜಿಯ ಆ ತಂಗಿಗೆ ಮೊದಲ ಗುರಿ ಸುಮಾರು 4 ಕೆಜಿ, ಮುಂದಿನ ಗುರಿ 5ರಿಂದ 7.5 ಕೆಜಿ. ಸಿನಿಮಾ ನಟಿಯ ಹಾಗೆ ಆಗಬೇಕಿಲ್ಲ.

ಲಿವರ್ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದಕ್ಕೆ 2011ರ ಬ್ರಿಟನ್ನಿನ ನ್ಯೂಕ್ಯಾಸಲ್ ಅಧ್ಯಯನ ನೋಡಿ. ಡಯಾಬಿಟಿಸ್ ಇದ್ದ 11 ಮಂದಿಗೆ ವೈದ್ಯರ ನಿಗಾದಲ್ಲಿ ದಿನಕ್ಕೆ ಸುಮಾರು 600 ಕ್ಯಾಲೊರಿ ಆಹಾರ ಕೊಟ್ಟರು. ಒಂದೇ ವಾರದಲ್ಲಿ ಬೆಳಗಿನ ಶುಗರ್ ನಾರ್ಮಲ್‌ಗೆ ಬಂತು. 8 ವಾರದಲ್ಲಿ ಲಿವರ್ ಕೊಬ್ಬು 12.8ರಿಂದ 2.9 ಶೇಕಡಾಕ್ಕೆ ಇಳಿಯಿತು. ಇದನ್ನು ಮನೆಯಲ್ಲಿ ನೀವಾಗಿಯೇ ಮಾಡಬೇಡಿ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶುಗರ್ ಏಕಾಏಕಿ ಕುಸಿಯಬಹುದು. ತೀರಾ ವೇಗವಾಗಿ ತೂಕ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಾಧ್ಯತೆಯೂ ಇದೆ. ವಾರಕ್ಕೆ ಅರ್ಧ ಕೆಜಿ ಇಳಿದರೆ ಧಾರಾಳ.

• ಸಕ್ಕರೆ ಪಾನೀಯ ಮೊದಲು ನಿಲ್ಲಿಸಿ. 2019ರ ಒಂದು ಅಮೆರಿಕನ್ ಪ್ರಯೋಗದಲ್ಲಿ ಫ್ಯಾಟಿ ಲಿವರ್ ಇದ್ದ ಹುಡುಗರು 8 ವಾರ ಸಕ್ಕರೆ ಬಹಳ ಕಡಿಮೆ ಮಾಡಿದಾಗ ಲಿವರ್ ಕೊಬ್ಬು 25ರಿಂದ 17 ಶೇಕಡಾಕ್ಕೆ ಇಳಿಯಿತು. ಬೆಲ್ಲದ ಚಹಾ, ಪ್ಯಾಕೆಟ್ ಜ್ಯೂಸ್ ಕೂಡ ಸಕ್ಕರೆಯೇ.
• ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ಬಳ್ಳಾರಿ ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಲಿವರ್ ಕೊಬ್ಬು ಸ್ವಲ್ಪ ಕರಗುತ್ತದೆ.
• ಮದ್ಯ ಬಿಡಿ. ಬೊಜ್ಜು ಮತ್ತು ಮದ್ಯ ಎರಡೂ ಸೇರಿದರೆ ಲಿವರ್‌ಗೆ ಪೆಟ್ಟು ಹೆಚ್ಚು.
• ಕೊಲೆಸ್ಟ್ರಾಲ್ ಮಾತ್ರೆಯಾದ ಸ್ಟಾಟಿನ್ ಅನ್ನು ‘ಲಿವರ್‌ಗೆ ಕೆಟ್ಟದ್ದು’ ಎಂಬ ಸಂದೇಶ ಓದಿ ನಿಲ್ಲಿಸಬೇಡಿ. ಫ್ಯಾಟಿ ಲಿವರ್ ಇರುವವರಿಗೆ ಅದು ಸುರಕ್ಷಿತ, ಹೃದಯಕ್ಕೆ ರಕ್ಷಣೆ.

ಕಷಾಯ, ಡಿಟಾಕ್ಸ್, ಹೊಸ ಔಷಧಿ

ಲಿವರ್ ತೊಳೆಯುವ ವಸ್ತು ಯಾವುದೂ ಇಲ್ಲ. ದೇಹ ತೊಳೆಯುವ ಅಂಗವೇ ಲಿವರ್. ನಿಂಬೆ ನೀರು ಕುಡಿಯಿರಿ, ಸಕ್ಕರೆ ಇಲ್ಲದಿದ್ದರೆ ಕೆಡುಕಿಲ್ಲ, ಆದರೆ ಅದು ಕೊಬ್ಬು ಕರಗಿಸುವುದಿಲ್ಲ. ಗಿಡಮೂಲಿಕೆ ಎಂದ ಮಾತ್ರಕ್ಕೆ ಸುರಕ್ಷಿತವೂ ಅಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ನಂತರ ಲಿವರ್ ಹಾನಿಯಾದ 43 ರೋಗಿಗಳ ವಿವರವನ್ನು ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ 2022ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅಮೃತಬಳ್ಳಿಗೆ ಈ ದೂರು ಅಂಟಿಸುವುದನ್ನು ಒಪ್ಪಿಲ್ಲ. ಏನೇ ಇರಲಿ, ಲಿವರ್ ಮೊದಲೇ ದಣಿದಿರುವಾಗ ಹೆಸರು ಗೊತ್ತಿಲ್ಲದ ಪುಡಿ, ಟಾನಿಕ್ ಮೇಲೆ ಪ್ರಯೋಗ ಬೇಡ. ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ನಿಜವಾದ ಔಷಧಿಗಳೂ ಬರುತ್ತಿವೆ. ಭಾರತದಲ್ಲಿ 2020ರಲ್ಲಿ ಸಾರೋಗ್ಲಿಟಜಾರ್‌ಗೆ ಅನುಮತಿ ಸಿಕ್ಕಿತು. ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರೋಮ್, 2025ರಲ್ಲಿ ಸೆಮಾಗ್ಲುಟೈಡ್‌ಗೆ ಈ ಕಾಯಿಲೆಗಾಗಿ ಅನುಮತಿ ಸಿಕ್ಕಿತು. ಇವು ಎಲ್ಲ ಗ್ರೇಡ್ 1 ರಿಪೋರ್ಟಿಗೆ ಕೊಡುವ ಮಾತ್ರೆಗಳಲ್ಲ. ಯಾರಿಗೆ ಬೇಕು ಎಂಬುದನ್ನು ತಜ್ಞರೇ ಹೇಳಬೇಕು.

ಎಲ್ಲಿ ತೋರಿಸಬೇಕು?

ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ಫ್ಯಾಟಿ ಲಿವರನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. 2024ರ ಸೆಪ್ಟೆಂಬರಿನಲ್ಲಿ ಪರಿಷ್ಕೃತ ಮಾರ್ಗಸೂಚಿಯನ್ನೂ ಹೊರಡಿಸಿತು. ಈ ಕಾರ್ಯಕ್ರಮದ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಸಿರುಗುಪ್ಪ, ಕುರುಗೋಡಿನವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಸೊಂಟ, ತೂಕ, ಬಿಪಿ, ಶುಗರ್ ನೋಡಿಸಿಕೊಳ್ಳಬಹುದು. ಮುಂದಿನ ಪರೀಕ್ಷೆ ಬೇಕಾದರೆ ಬಳ್ಳಾರಿಯಲ್ಲಿ 1961ರಲ್ಲಿ ಶುರುವಾದ, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೋಗುವಾಗ ಹಳೆಯ ರಿಪೋರ್ಟುಗಳನ್ನೆಲ್ಲ ಜೊತೆಗೆ ಒಯ್ಯಿರಿ.

ಕಣ್ಣು ಹಳದಿಯಾದರೆ, ಹೊಟ್ಟೆ ನೀರು ತುಂಬಿದಂತೆ ಉಬ್ಬಿದರೆ, ರಕ್ತ ವಾಂತಿಯಾದರೆ, ಮಲ ಕಪ್ಪಗಾದರೆ, ಮಾತು ತೊದಲಿ ಗೊಂದಲವಾದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ನಮ್ಮ ತೀರ್ಮಾನ

‘ಶುಗರ್ ನಾರ್ಮಲ್ ಇದ್ದರೆ ಫ್ಯಾಟಿ ಲಿವರ್ ಬಗ್ಗೆ ಚಿಂತೆ ಬೇಡ’ ಎಂಬುದು ದಾರಿತಪ್ಪಿಸುವ ಮಾತು. ಹೆದರಬೇಕಾಗಿಲ್ಲ, ಆದರೆ ರಿಪೋರ್ಟನ್ನು ಬೀರುವಿನಲ್ಲಿ ಇಡಬಾರದು. ಶುಗರ್ ಇನ್ನೂ ನಾರ್ಮಲ್ ಇರುವಾಗಲೇ ಲಿವರ್ ಕೊಟ್ಟ ಸೂಚನೆ ಅದು. ಆಗಲೇ ಕೇಳಿಸಿಕೊಂಡರೆ ಕೆಲಸ ಹಗುರ.

ನಿಮ್ಮ ಮನೆಯ ಗುಂಪಿಗೆ ಕಷಾಯದ ಸಂದೇಶ ಬಂದಿದ್ದರೆ ಅದರ ಕೆಳಗೆ ಇದನ್ನು ಹಾಕಿ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಟೇಲರ್ ಟೇಪ್ ತಂದು ಹೊಕ್ಕುಳ ಮಟ್ಟದಲ್ಲಿ ನಿಮ್ಮ ಸೊಂಟ ಅಳೆಯಿರಿ, ಹೊಟ್ಟೆ ಒಳಗೆ ಎಳೆದುಕೊಳ್ಳದೆ. ಆಮೇಲೆ ಮನೆಯಲ್ಲಿ ತೆಳ್ಳಗಿರುವವರನ್ನೂ ಕರೆದು ಅಳೆಯಿರಿ.